ಸ್ಟ್ಯಾಮಿನಾ ಅಂದ್ರೆ ಬರೀ ರೌಂಡ್ ಹೊಡೆಯೋದಲ್ಲ

‘ನಿಂಗೆ ಸ್ಟ್ಯಾಮಿನಾನೇ ಇಲ್ಲ ಕಣೋ!’

ಬೆಂಗಳೂರಿನ ಯಾವುದಾದರೂ ಫುಟ್‌ಬಾಲ್ ಮೈದಾನಕ್ಕೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಈ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಅದರ ಬೆನ್ನಿಗೇ ಮದ್ದೂ ಬರುತ್ತದೆ, ‘ಹೋಗು, ಹತ್ತು ರೌಂಡ್ ಹೊಡಿ’. ತಡವಾಗಿ ಬಂದರೆ ಮೂರು ರೌಂಡ್, ಎದುರು ಮಾತಾಡಿದರೆ ಐದು, ಮ್ಯಾಚ್ ಸೋತರೆ ಇಡೀ ತಂಡಕ್ಕೆ ಹತ್ತು. ನಮ್ಮಲ್ಲಿ ಶಿಕ್ಷೆಯೂ ಅದೇ, ಔಷಧಿಯೂ ಅದೇ.

ನಾನು ಹನ್ನೊಂದನೇ ವಯಸ್ಸಿನಿಂದ ಹೀಗೆ ಸುತ್ತು ಹಾಕಿಕೊಂಡು ಬೆಳೆದವನು. ಈಗ ಬಿ.ಕಾಂ ಎರಡನೇ ವರ್ಷ, ಕಾಲೇಜು ತಂಡದಲ್ಲಿ ಮಿಡ್‌ಫೀಲ್ಡರ್. ವಾರಕ್ಕೆ ಮೂರು ಸಂಜೆ ನಮ್ಮ ಏರಿಯಾದ ಗ್ರೌಂಡಿನಲ್ಲಿ 13 ಮತ್ತು 15 ವರ್ಷದೊಳಗಿನ ಹುಡುಗರಿಗೆ ಕೋಚ್ ಹೇಳಿಕೊಡುವಾಗ ಕೋನ್ ಜೋಡಿಸುವುದು, ಚರಂಡಿಗೆ ಬಿದ್ದ ಬಾಲ್ ಎತ್ತಿ ತರುವುದು, ವಿಸಿಲ್ ಊದುವುದು ನನ್ನ ಕೆಲಸ. ಅಲ್ಲಿ ನಿಂತು ನೋಡುತ್ತಾ ನೋಡುತ್ತಾ ಒಂದು ಅನುಮಾನ ಶುರುವಾಯಿತು. ಫುಟ್‌ಬಾಲಿಗೆ ಬೇಕಾದ ಓಟವೇ ಒಂದು, ನಾವು ಮಕ್ಕಳಿಂದ ಓಡಿಸುತ್ತಿರುವ ಓಟವೇ ಇನ್ನೊಂದು.

ಮೊದಲು ಆಟವನ್ನೇ ನೋಡೋಣ. ದೊಡ್ಡವರ 90 ನಿಮಿಷದ ಪಂದ್ಯದಲ್ಲಿ ವೃತ್ತಿಪರ ಆಟಗಾರ ಸುಮಾರು 10ರಿಂದ 12 ಕಿಲೊಮೀಟರ್ ಓಡುತ್ತಾನೆ. ಗೋಲ್‌ಕೀಪರ್ ಅದರ ಅರ್ಧಕ್ಕಿಂತ ಕಡಿಮೆ. ಕೇಳಿದ ತಕ್ಷಣ ‘ಹಾಗಾದರೆ ದಿನಾ 10 ಕಿಲೊಮೀಟರ್ ಜಾಗಿಂಗ್ ಮಾಡಿದರಾಯಿತು’ ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ. ಆ 10 ಕಿಲೊಮೀಟರ್ ಒಂದೇ ಉಸಿರಿನ ಓಟವಲ್ಲ. ಪ್ರತಿ ನಾಲ್ಕರಿಂದ ಆರು ಸೆಕೆಂಡಿಗೊಮ್ಮೆ ಆಟಗಾರನ ಚಲನೆ ಬದಲಾಗುತ್ತದೆ. ನಿಲ್ಲುತ್ತಾನೆ, ನಡೆಯುತ್ತಾನೆ, ಹಿಂದಕ್ಕೆ ಹೆಜ್ಜೆ ಹಾಕುತ್ತಾನೆ, ತಿರುಗುತ್ತಾನೆ, ಹೆಡ್ ಮಾಡಲು ನೆಗೆಯುತ್ತಾನೆ, ಇದ್ದಕ್ಕಿದ್ದಂತೆ ಎರಡು–ಮೂರು ಸೆಕೆಂಡು ಜೀವ ಬಿಟ್ಟು ಓಡುತ್ತಾನೆ, ಮತ್ತೆ ನಡೆಯುತ್ತಾನೆ. ಇಡೀ ಪಂದ್ಯದಲ್ಲಿ ಇಂಥ ಬದಲಾವಣೆ ಸಾವಿರಕ್ಕೂ ಹೆಚ್ಚು. ಒಂದು ಭಾನುವಾರದ ಮ್ಯಾಚಿನಲ್ಲಿ ಎದುರಾಳಿ ತಂಡದ ಒಬ್ಬ ಮಿಡ್‌ಫೀಲ್ಡರನ್ನು ಮಾತ್ರ ನೋಡುತ್ತಾ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಕುಳಿತೆ. ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಆಗಿನ್ನೂ ಹತ್ತು ನಿಮಿಷವೂ ಆಗಿರಲಿಲ್ಲ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಗೆಳೆಯನಿಂದ. ಅವನು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸುತ್ತಿದ್ದಾನೆ. ಬೆಳಿಗ್ಗೆ ಐದೂವರೆಗೆ ಗ್ರೌಂಡಿಗೆ ಬಂದು 1600 ಮೀಟರ್ ಓಡುತ್ತಾನೆ. ಮುಖದಲ್ಲಿ ಬೆವರು ಬಿಟ್ಟರೆ ಸುಸ್ತಿನ ಗುರುತಿರುವುದಿಲ್ಲ. ನಮ್ಮ ತಂಡದಲ್ಲಿ ಯಾರೂ ಅವನ ಸಮಕ್ಕೆ ಓಡಲಾರರು. ಒಂದು ದಿನ ನಮಗೆ ಒಬ್ಬ ಆಟಗಾರ ಕಡಿಮೆ ಬಿದ್ದು ಅವನನ್ನು ರೈಟ್ ಬ್ಯಾಕಿಗೆ ಹಾಕಿದೆವು. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ ನಿಂತಿದ್ದ. ಅವನಿಗಿಂತ ನಿಧಾನವಾಗಿ 1600 ಮೀಟರ್ ಓಡುವ ನಮ್ಮ ಲೆಫ್ಟ್ ವಿಂಗರ್ ಮಾತ್ರ ಇನ್ನೂ ಪುಟಿಯುತ್ತಿದ್ದ. ಹಾಫ್ ಟೈಮಲ್ಲಿ ನೀರು ಕುಡಿಯುತ್ತಾ ಗೆಳೆಯ ಅಂದಿದ್ದು: ‘ಮಗಾ, ಇದು ಓಟ ಅಲ್ಲ, ಜಗಳ.’

ನಿಜವೇ. 1600 ಮೀಟರ್ ಓಟದಲ್ಲಿ ಒಂದು ಲಯವಿದೆ. ಉಸಿರು, ಹೆಜ್ಜೆ ಎರಡೂ ಒಂದಕ್ಕೊಂದು ಹೊಂದಿಕೊಂಡು ಬಿಡುತ್ತವೆ. ಫುಟ್‌ಬಾಲಿನಲ್ಲಿ ಆ ಲಯಕ್ಕೆ ಜಾಗವೇ ಇಲ್ಲ. ಓಡುತ್ತಿರುವಾಗ ಗಕ್ಕನೆ ನಿಲ್ಲುವುದಕ್ಕೆ, ತಿರುಗಿ ಮತ್ತೆ ವೇಗ ಹಿಡಿಯುವುದಕ್ಕೆ ಖರ್ಚಾಗುವ ಶಕ್ತಿ ಒಂದೇ ವೇಗದ ಓಟದ್ದಕ್ಕಿಂತ ಬಹಳ ಹೆಚ್ಚು. ಸಿಟಿ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಹೈವೇಯಲ್ಲಿ ಸಿಗುವ ಮೈಲೇಜು ಸಿಲ್ಕ್ ಬೋರ್ಡ್ ಹತ್ತಿರ ಎಲ್ಲಿ ಸಿಗುತ್ತದೆ?

ದೇಹದ ಒಳಗೆ ನಡೆಯುವುದನ್ನು ಹುಡುಗರಿಗೆ ಹೇಳುವಾಗ ನಾನು ಮನೆಯ ನೀರಿನ ಟ್ಯಾಂಕಿನ ಲೆಕ್ಕ ಕೊಡುತ್ತೇನೆ. ಮಾಳಿಗೆ ಮೇಲೆ ಒಂದು ಸಣ್ಣ ಟ್ಯಾಂಕ್ ಇದೆ, ಕೆಳಗೆ ದೊಡ್ಡ ಸಂಪ್ ಇದೆ, ನಡುವೆ ಮೋಟಾರ್. ಸ್ಪ್ರಿಂಟ್ ಅಂದರೆ ಮೇಲಿನ ಟ್ಯಾಂಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ ಹಾಗೆ. ಸ್ನಾಯುವಿನಲ್ಲಿ ಕೂಡಲೇ ಬಳಸಲು ಸಿಗುವ ಈ ಶಕ್ತಿಗೆ ಕ್ರಿಯೇಟಿನ್ ಫಾಸ್ಫೇಟ್ ಅನ್ನುತ್ತಾರೆ. ಅದು ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಖಾಲಿಯಾಗುತ್ತದೆ. ಮತ್ತೆ ತುಂಬಬೇಕಾದರೆ ಆಮ್ಲಜನಕ ಬೇಕು, ಅಂದರೆ ಮೋಟಾರ್ ಆನ್ ಆಗಬೇಕು. ಅರ್ಧ ನಿಮಿಷದಲ್ಲಿ ಸುಮಾರು ಅರ್ಧ ಟ್ಯಾಂಕ್ ತುಂಬುತ್ತದೆ, ಪೂರ್ತಿ ತುಂಬಲು ಎರಡು–ಮೂರು ನಿಮಿಷವಾದರೂ ಬೇಕು. ಹೃದಯ, ಶ್ವಾಸಕೋಶ, ರಕ್ತ ಇವೆಲ್ಲ ಸೇರಿ ಆ ಮೋಟಾರ್. ಫುಟ್‌ಬಾಲಿನಲ್ಲಿ ಸ್ಟ್ಯಾಮಿನಾ ಅಂದರೆ ಎಷ್ಟು ದೂರ ಓಡುತ್ತೀಯ ಅನ್ನುವುದಲ್ಲ. ಒಮ್ಮೆ ಓಡಿದ ಮೇಲೆ ಎಷ್ಟು ಬೇಗ ಮತ್ತೆ ಓಡಲು ಸಿದ್ಧನಾಗುತ್ತೀಯ ಅನ್ನುವುದು. ಮೋಟಾರ್ ಚೆನ್ನಾಗಿದ್ದರೆ ಎರಡು ಸ್ಪ್ರಿಂಟುಗಳ ನಡುವಿನ ಆ ನಡಿಗೆಯಲ್ಲೇ ಟ್ಯಾಂಕ್ ತುಂಬಿಕೊಳ್ಳುತ್ತದೆ. ಮೋಟಾರ್ ಸೊರಗಿದ್ದರೆ ಎಂಬತ್ತನೇ ನಿಮಿಷದಲ್ಲಿ ನಲ್ಲಿ ತಿರುಗಿಸಿದಾಗ ಬರುವುದು ಗಾಳಿ ಮಾತ್ರ.

ಎಂಬತ್ತನೇ ನಿಮಿಷ ಅಂದಾಗ ನನಗೆ ಯಾವಾಗಲೂ 2017ರ ಅಕ್ಟೋಬರ್ ನೆನಪಾಗುತ್ತದೆ. ನಾನಾಗ ಆರನೇ ಕ್ಲಾಸು. 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆದಿತ್ತು. ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ 0–1ರಿಂದ ಹಿಂದಿದ್ದೆವು. 82ನೇ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್ ಹೊಡೆದ, ಜೀಕ್ಸನ್ ಸಿಂಗ್ ತಲೆ ಕೊಟ್ಟ, ಗೋಲ್! ಫಿಫಾ ವಿಶ್ವಕಪ್ಪಿನಲ್ಲಿ ಭಾರತದ ಮೊಟ್ಟಮೊದಲ ಗೋಲ್ ಅದು. ನಮ್ಮ ಬೀದಿಯಲ್ಲಿ ಕೂಗು ಎದ್ದು ಅದು ಇಳಿಯುವ ಮುಂಚೆಯೇ, ಮರು ನಿಮಿಷದಲ್ಲೇ, ಕೊಲಂಬಿಯಾ ಇನ್ನೊಂದು ಗೋಲ್ ಹೊಡೆದು ಗೆದ್ದಿತು. ಮೂರು ದಿನದ ನಂತರ ಘಾನಾ ವಿರುದ್ಧ 86 ಮತ್ತು 87ನೇ ನಿಮಿಷದಲ್ಲಿ ಎರಡು ಗೋಲ್ ಬಿಟ್ಟುಕೊಟ್ಟು 0–4ರಿಂದ ಸೋತೆವು. ಎಲ್ಲವೂ ಸ್ಟ್ಯಾಮಿನಾ ಕೊರತೆಯಿಂದಲೇ ಆಯಿತು ಅನ್ನುವುದು ತಪ್ಪು. ಗೋಲ್ ಹೊಡೆದ ಸಂಭ್ರಮದಲ್ಲಿ ಯಾರೇ ಆದರೂ ಒಂದು ಕ್ಷಣ ಮೈಮರೆಯುತ್ತಾರೆ, ಘಾನಾದ ಹುಡುಗರ ಮೈಕಟ್ಟೇ ಬೇರೆ ಇತ್ತು. ಆದರೆ ಆಡಿದವರಿಗೆ ಗೊತ್ತು, ಕಾಲು ಸೋತಾಗ ಮೊದಲು ಕೈಕೊಡುವುದು ಕಾಲಲ್ಲ, ತಲೆ. ಯಾರನ್ನು ಮಾರ್ಕ್ ಮಾಡಬೇಕಿತ್ತು ಅನ್ನುವುದೇ ಮರೆತು ಹೋಗಿರುತ್ತದೆ.

ಇನ್ನು ಚಿಕ್ಕ ಹುಡುಗರ ವಿಷಯ. ಇಟಲಿಯಲ್ಲಿ 11–12 ವರ್ಷದ ಹುಡುಗರ ಪಂದ್ಯವನ್ನು ಅಳೆದು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಗಂಟೆಯ ಪಂದ್ಯದಲ್ಲಿ ಆ ಪೋರರು ಸರಾಸರಿ 6 ಕಿಲೊಮೀಟರಿಗಿಂತ ಹೆಚ್ಚು ಓಡಿದ್ದರು. ಕತಾರಿನ ಆಸ್ಪೈರ್ ಅಕಾಡೆಮಿಯಲ್ಲಿ ಜಿಪಿಎಸ್ ಕಟ್ಟಿ ನೋಡಿದಾಗ 13 ವರ್ಷದೊಳಗಿನವರು ಒಂದು ಪಂದ್ಯಕ್ಕೆ ಆರೂವರೆ ಕಿಲೊಮೀಟರ್, 18 ವರ್ಷದೊಳಗಿನವರು ಹತ್ತಿರ ಹತ್ತಿರ 9 ಕಿಲೊಮೀಟರ್ ಓಡುತ್ತಿದ್ದರು. ವಯಸ್ಸಾದಂತೆ ಪಂದ್ಯದ ಅವಧಿಯೂ ಹೆಚ್ಚುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ನಿಮಿಷದ ಲೆಕ್ಕದಲ್ಲಿ ನೋಡಿದರೆ ಚಿಕ್ಕವರು ನಮಗಿಂತ ಅಂಥ ಹಿಂದೇನೂ ಇಲ್ಲ. ಅದೇ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಮಾತು. ಟೆಸ್ಟಿನಲ್ಲಿ ಹೆಚ್ಚು ಫಿಟ್ ಆದವನೇ ಪಂದ್ಯದಲ್ಲೂ ಹೆಚ್ಚು ಓಡುತ್ತಾನೆ ಅನ್ನುವ ಹಾಗಿರಲಿಲ್ಲ. ಯಾವ ಜಾಗದಲ್ಲಿ ಆಡುತ್ತಾನೆ ಅನ್ನುವುದರ ಮೇಲೆ ಅದು ಬದಲಾಗುತ್ತಿತ್ತು. ಸ್ಟಾಪರ್ ಬ್ಯಾಕ್ ಕಡಿಮೆ ಓಡಿದನೆಂದರೆ ಅವನಿಗೆ ದಮ್ಮಿಲ್ಲ ಅಂತಲ್ಲ, ಅವನ ಕೆಲಸವೇ ಅಷ್ಟು.

ಮಕ್ಕಳೆಂದರೆ ದೊಡ್ಡವರ ಸಣ್ಣ ಸೈಜ್ ಅಲ್ಲ. ಒಂದೇ ವೇಗದಲ್ಲಿ ಓಡಲು ಮಗುವಿನ ದೇಹ ಕಿಲೋ ತೂಕದ ಲೆಕ್ಕದಲ್ಲಿ ನಮಗಿಂತ ಹೆಚ್ಚು ಆಮ್ಲಜನಕ ಬಳಸುತ್ತದೆ. ಹಾಗಾಗಿ ಒಂದೇ ಸಮನೆ ದೂರ ಓಡುವುದು ಅವರಿಗೆ ಕಷ್ಟ, ಅದಕ್ಕಿಂತ ಹೆಚ್ಚಾಗಿ ಬೇಜಾರು. ಆದರೆ ಸ್ಪ್ರಿಂಟ್ ಮಾಡಿ ಸುಧಾರಿಸಿಕೊಳ್ಳುವುದರಲ್ಲಿ ಅವರು ನಮ್ಮನ್ನು ಮೀರಿಸುತ್ತಾರೆ. ಹನ್ನೆರಡರ ಪೋರನ ಜೊತೆ ಐದಾರು ಸಲ ಸ್ಪ್ರಿಂಟ್ ಹೊಡೆದು ನೋಡಿ. ನೀವು ಏದುಸಿರು ಬಿಡುತ್ತಿರುವಾಗ ಅವನು ‘ಅಣ್ಣಾ, ಇನ್ನೊಂದ್ಸಲ?’ ಅಂತ ಕೇಳುತ್ತಾನೆ. ಓಡು, ನಿಲ್ಲು, ಓಡು ಅನ್ನುವ ಆಟಕ್ಕೆ ಹೇಳಿ ಮಾಡಿಸಿದ ದೇಹ ಅದು. ನಾವು ಅದನ್ನು ತೆಗೆದುಕೊಂಡು ಹೋಗಿ ಗ್ರೌಂಡಿನ ಅಂಚಿನಲ್ಲಿ ಗಾಣದ ಎತ್ತಿನಂತೆ ಸುತ್ತಿಸುತ್ತೇವೆ.

ಅತಿ ಹೆಚ್ಚು ತೊಂದರೆ ಆಗುವುದು 13–14ರ ವಯಸ್ಸಿಗೆ. ನಮ್ಮಲ್ಲಿ ಒಬ್ಬ ಹುಡುಗನಿದ್ದಾನೆ. ಹನ್ನೆರಡರಲ್ಲಿ ಅವನ ಕಾಲಿಗೆ ಬಾಲ್ ಸಿಕ್ಕರೆ ಕಿತ್ತುಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಹೋದ ವರ್ಷ ನೋಡನೋಡುತ್ತಿದ್ದಂತೆ ಉದ್ದವಾದ. ಜೂನ್‌ನಲ್ಲಿ ಕೊಂಡ ಸ್ಕೂಲ್ ಪ್ಯಾಂಟ್ ಡಿಸೆಂಬರ್‌ಗೆ ಗಿಡ್ಡ. ಉದ್ದವಾದದ್ದೇ ತಡ, ಆಟ ಕೈಬಿಟ್ಟಿತು. ಕಾಲು ಎಲ್ಲಿ ಹೋಗುತ್ತದೋ ಅವನಿಗೇ ಗೊತ್ತಿಲ್ಲ. ತಿರುಗುವಾಗ ಬೀಳುತ್ತಾನೆ. ಹತ್ತು ನಿಮಿಷಕ್ಕೆ ಸುಸ್ತು. ಪ್ರಾಕ್ಟೀಸ್ ಮುಗಿದ ಮೇಲೆ ಬೂಟ್ ಬಿಚ್ಚಿ ಹಿಮ್ಮಡಿ ಹಿಡಿದುಕೊಂಡು ಕೂರುತ್ತಿದ್ದ. ಒಂದು ಕ್ಲಬ್ಬಿನ ಟ್ರಯಲ್‌ಗೆ ಹೋಗಿದ್ದಾಗ ಅಲ್ಲಿನವರು ಇಪ್ಪತ್ತು ನಿಮಿಷ ನೋಡಿ ಅದೇ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ದರು: ಸ್ಟ್ಯಾಮಿನಾ ಇಲ್ಲ. ಇವನು ಛಲಕ್ಕೆ ಬಿದ್ದು ಬೆಳಿಗ್ಗೆ ಒಬ್ಬನೇ ರಸ್ತೆ ಮೇಲೆ ಐದು ಕಿಲೊಮೀಟರ್ ಓಡಲು ಶುರು ಮಾಡಿದ. ಹಿಮ್ಮಡಿ ನೋವು ಎಷ್ಟಾಯಿತೆಂದರೆ ಕುಂಟಲು ಶುರು ಮಾಡಿದ.

ಅವನಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ. ಒಂದು ಸಂಜೆ ಶಿಫ್ಟ್ ಮುಗಿಸಿ ನೇರ ಗ್ರೌಂಡಿಗೆ ಬಂದರು. ‘ಏನಪ್ಪಾ, ನನ್ ಮಗನಿಗೆ ಹಾರ್ಟ್ ಏನಾದ್ರೂ ತೊಂದ್ರೆ ಇದ್ಯಾ? ಮುಂಚೆ ಹಿಂಗಿರ್ಲಿಲ್ಲ. ಆಟ ಬಿಡ್ಸಿ ಟ್ಯೂಷನ್‌ಗೆ ಹಾಕ್ಲಾ?’ ಅಂತ ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ‘ಊಹಿಸೋದು ಬೇಡ ಅಮ್ಮ, ಡಾಕ್ಟರಿಗೆ ತೋರ್ಸೋಣ’ ಅಂದೆ. ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಡಾಕ್ಟರ್ ಹಿಮ್ಮಡಿಯನ್ನು ಎರಡೂ ಕಡೆಯಿಂದ ಒತ್ತಿ ನೋಡಿದರು, ಹುಡುಗ ಚೀರಿದ. ಎದೆಯನ್ನೂ ಪರೀಕ್ಷಿಸಿ ಎಲ್ಲಾ ಸರಿ ಇದೆ ಅಂದರು. ತೊಂದರೆ ಇದ್ದದ್ದು ಹಿಮ್ಮಡಿ ಮೂಳೆಯ ಬೆಳೆಯುವ ಭಾಗದಲ್ಲಿ. ಮೂಳೆ ಬೇಗ ಉದ್ದವಾಗುತ್ತದೆ, ಮೀನಖಂಡದ ಸ್ನಾಯು ಅಷ್ಟು ಬೇಗ ಹಿಗ್ಗುವುದಿಲ್ಲ, ಅದು ಎಳೆಯುತ್ತಾ ಇರುತ್ತದೆ. ಅದರ ಮೇಲೆ ಟಾರ್ ರಸ್ತೆಯ ಓಟ. ಓಟ, ನೆಗೆತ ಕಡಿಮೆ ಮಾಡಿ, ಮೀನಖಂಡವನ್ನು ದಿನಾ ಹಿಗ್ಗಿಸಿ, ಬೆಳವಣಿಗೆ ನಿಧಾನವಾದಂತೆ ಹೋಗುತ್ತದೆ ಅಂದರು. ಮಂಡಿಚಿಪ್ಪಿನ ಕೆಳಗೆ ಇದೇ ಥರದ ನೋವು ಬರುವ ಹುಡುಗರೂ ನಮ್ಮಲ್ಲಿ ಇಬ್ಬರಿದ್ದಾರೆ.

ಹುಡುಗರು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಆಸುಪಾಸಿನಲ್ಲಿ, ವರ್ಷಕ್ಕೆ ಎಂಟು–ಹತ್ತು ಸೆಂಟಿಮೀಟರ್. ಆದರೆ ಕೆಲವರಿಗೆ ಅದು ಹನ್ನೆರಡರಲ್ಲೇ ಬರುತ್ತದೆ, ಕೆಲವರಿಗೆ ಹದಿನಾರಾದರೂ ಬಂದಿರುವುದಿಲ್ಲ. 15 ವರ್ಷದೊಳಗಿನವರ ಒಂದೇ ತಂಡದ ಫೋಟೊ ನೋಡಿ. ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದವನಿಗೆ ಹಾಲುಗಲ್ಲ. ಇಬ್ಬರನ್ನೂ ಒಟ್ಟಿಗೆ ಓಡಿಸಿ ‘ಇವನಿಗೆ ಸ್ಟ್ಯಾಮಿನಾ ಇದೆ, ಅವನಿಗಿಲ್ಲ’ ಅಂದರೆ ನಾವು ಅಳೆದದ್ದು ಆಟವನ್ನೂ ಅಲ್ಲ, ಪ್ರತಿಭೆಯನ್ನೂ ಅಲ್ಲ, ಯಾರ ದೇಹ ಬೇಗ ಬೆಳೆಯಿತು ಅನ್ನುವುದನ್ನು. ಆಯ್ಕೆ ಪಟ್ಟಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದನ್ನು ಬೇರೆ ಬೇರೆ ದೇಶಗಳಲ್ಲಿ ಗುರುತಿಸಿದ್ದಾರೆ. ಹತ್ತು ತಿಂಗಳ ಅಂತರ ಆ ವಯಸ್ಸಿನಲ್ಲಿ ಸಣ್ಣದಲ್ಲ. ಕ್ರೀಡಾ ಹಾಸ್ಟೆಲ್ ಸೀಟು, ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು, ಆಮೇಲೆ ಇಲಾಖೆ ತಂಡದಲ್ಲಿ ಒಂದು ನೌಕರಿ, ಹೀಗೆ ಬದುಕು ಕಟ್ಟಿಕೊಳ್ಳಬೇಕಾದ ಮನೆಯ ಹುಡುಗರು ನಮ್ಮಲ್ಲಿ ಬಹಳ. ಅವರಲ್ಲಿ ಎಷ್ಟು ಮಂದಿ ಹದಿನಾಲ್ಕರಲ್ಲಿ ಈ ಒಂದು ಮಾತಿಗೆ ಬೂಟ್ ಕಳಚಿಟ್ಟಿದ್ದಾರೋ.

ಹಾಗಾದರೆ ಅಳೆಯುವುದು ಹೇಗೆ? ಯೊ ಯೊ ಟೆಸ್ಟ್ ಹೆಸರು ಕ್ರಿಕೆಟ್ ನೋಡುವ ಎಲ್ಲರಿಗೂ ಗೊತ್ತು. ಕೊಹ್ಲಿ ಕಾಲದಲ್ಲಿ 16.1 ಅನ್ನುವ ಅಂಕಿ ಮನೆಮಾತಾಗಿತ್ತು. ಆದರೆ ಅದನ್ನು ರೂಪಿಸಿದವರು ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ. ಅವರು ಫುಟ್‌ಬಾಲಿನವರು. 20 ಮೀಟರ್ ದೂರಕ್ಕೆ ಓಡಿ ತಿರುಗಿ ಬರಬೇಕು, ಬಂದ ಮೇಲೆ 10 ಸೆಕೆಂಡು ನಡೆದು ಸುಧಾರಿಸಿಕೊಳ್ಳಬೇಕು, ಮತ್ತೆ ಓಡಬೇಕು. ಬೀಪ್ ಸದ್ದು ಹೋಗುತ್ತಾ ಹೋಗುತ್ತಾ ಬಿರುಸಾಗುತ್ತದೆ. ಎರಡು ಸಲ ಬೀಪ್‌ಗೆ ತಲುಪದಿದ್ದರೆ ಔಟ್. 16.1 ತಲುಪುವುದು ಅಂದರೆ ಹೀಗೆ 28 ಸಲ ಹೋಗಿ ಬರುವುದು. ಒಟ್ಟು ದೂರ ಎಷ್ಟು ಗೊತ್ತಾ? 1120 ಮೀಟರ್. ಪೊಲೀಸ್ ಓಟಕ್ಕಿಂತಲೂ ಕಡಿಮೆ! ಕಷ್ಟ ಇರುವುದು ದೂರದಲ್ಲಲ್ಲ. ತಿರುಗುವುದರಲ್ಲಿ, ಹತ್ತೇ ಸೆಕೆಂಡಿನಲ್ಲಿ ಟ್ಯಾಂಕ್ ತುಂಬಿಕೊಳ್ಳುವುದರಲ್ಲಿ. ಅದಕ್ಕೇ ಈ ಟೆಸ್ಟಿನ ಫಲಿತಾಂಶ ಪಂದ್ಯದಲ್ಲಿ ಆಟಗಾರ ಮಾಡುವ ಬಿರುಸಿನ ಓಟಕ್ಕೆ ಚೆನ್ನಾಗಿ ತಾಳೆಯಾಗುತ್ತದೆ.

ಕಾಲೇಜು ತಂಡದವರು ಸೇರಿ ಇದನ್ನು ನಮ್ಮ ಗ್ರೌಂಡಿನಲ್ಲೇ ಮಾಡಿದೆವು. ಮೇಸ್ತ್ರಿಯೊಬ್ಬರಿಂದ ಟೇಪ್ ಎರವಲು, ಗೆರೆಗೆ ಸುಣ್ಣದ ಪುಡಿ, ಕೋನ್ ಸಾಲದೆ ಚಪ್ಪಲಿ, ಮೊಬೈಲಿನಲ್ಲಿ ಬೀಪ್ ಆಡಿಯೊ, ಬ್ಲೂಟೂತ್ ಸ್ಪೀಕರ್. ಪೊಲೀಸ್ ಗೆಳೆಯ 15ರ ಹಂತದಲ್ಲಿ ನಿಂತ. 1600 ಮೀಟರಿನಲ್ಲಿ ಅವನ ಹಿಂದೆ ಬೀಳುವ ನಮ್ಮ ವಿಂಗರ್ 17 ದಾಟಿದ. ಒಂದು ಮಾತು ಹೇಳಿಬಿಡುತ್ತೇನೆ, ಇದನ್ನೂ ಮಕ್ಕಳ ಕೈಯಲ್ಲಿ ಮಾಡಿಸಿ ‘ನೀನು ಪಾಸ್, ನೀನು ಫೇಲ್’ ಅನ್ನಲು ಹೊರಟರೆ ಮತ್ತೆ ಅದೇ ಕಥೆ. ಎರಡು ತಿಂಗಳ ಹಿಂದಿನ ತನ್ನ ಅಂಕಿಗೆ ಇವತ್ತಿನ ಅಂಕಿಯನ್ನು ಹೋಲಿಸಿ ನೋಡಲು ಮಾತ್ರ ಅದು ಲಾಯಕ್ಕು.

ಸರಿ, ಮೋಟಾರ್ ಬಲವಾಗುವುದು ಹೇಗೆ? ಇದಕ್ಕೆ ಬಹಳ ಒಳ್ಳೆಯ ಉತ್ತರ ಸಿಕ್ಕಿದ್ದು ನಾರ್ವೆಯಲ್ಲಿ, 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ. ಸರಾಸರಿ 18 ವರ್ಷದ ಜೂನಿಯರ್ ಆಟಗಾರರಿಗೆ ಮಾಮೂಲಿ ಪ್ರಾಕ್ಟೀಸಿನ ಜೊತೆ ವಾರಕ್ಕೆ ಎರಡು ಸಲ ಒಂದು ಕಸರತ್ತು ಕೊಟ್ಟರು. ನಾಲ್ಕು ನಿಮಿಷ ಬಿರುಸಾಗಿ ಓಡಬೇಕು, ಹೃದಯ ಬಡಿತ ಗರಿಷ್ಠ ಮಿತಿಯ ಶೇ 90ರಿಂದ 95ಕ್ಕೆ ಏರಬೇಕು. ಆಮೇಲೆ ಮೂರು ನಿಮಿಷ ನಿಧಾನ ಜಾಗಿಂಗ್. ಹೀಗೆ ನಾಲ್ಕು ಸಲ. ಎಂಟು ವಾರ ಆದ ಮೇಲೆ ನೋಡಿದರೆ, ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ನಿಮಿಷಕ್ಕೆ ಕಿಲೋಗೆ 58 ಮಿಲಿ ಲೀಟರಿನಿಂದ 64ಕ್ಕೆ ಏರಿತ್ತು. ಪಂದ್ಯದಲ್ಲಿ ಓಡಿದ ದೂರ ಶೇ 20ರಷ್ಟು ಹೆಚ್ಚಿತ್ತು. ಸ್ಪ್ರಿಂಟುಗಳ ಸಂಖ್ಯೆ ದುಪ್ಪಟ್ಟಾಗಿತ್ತು. ಬಾಲ್ ಜೊತೆಗಿನ ಆಟವೂ ಶೇ 24ರಷ್ಟು ಜಾಸ್ತಿ ಆಗಿತ್ತು. ಕೊನೆಯದೇ ನನಗೆ ಮುಖ್ಯ. ಓಡಲು ಶಕ್ತಿ ಇದ್ದವನು ಬಾಲ್ ಇರುವಲ್ಲಿಗೆ ಹೋಗುತ್ತಾನೆ.

2006ರಲ್ಲಿ ಇಟಲಿಯ ಜೂನಿಯರ್ ಆಟಗಾರರ ಮೇಲೆ ನಡೆದ ಇನ್ನೊಂದು ಅಧ್ಯಯನ ಇದಕ್ಕೂ ಮುಂದೆ ಹೋಯಿತು. ಅರ್ಧ ಹುಡುಗರಿಗೆ ಇಂಥದೇ ಓಟ, ಉಳಿದರ್ಧ ಹುಡುಗರಿಗೆ ಓಟದ ಬದಲು ಸಣ್ಣ ಜಾಗದಲ್ಲಿ ಕೆಲವೇ ಜನರ ಫುಟ್‌ಬಾಲ್ ಆಟ. ಕೊನೆಯಲ್ಲಿ ಫಿಟ್‌ನೆಸ್ ಎರಡೂ ಗುಂಪಿನಲ್ಲಿ ಒಂದೇ ರೀತಿ ಸುಧಾರಿಸಿತ್ತು. ಆಟ ಆಡಿಯೇ ಅದೇ ಲಾಭ ಸಿಗುವುದಾದರೆ ಹದಿಮೂರರ ಹುಡುಗನಿಗೆ ಬಾಲ್ ಇಲ್ಲದೆ ಓಡು ಅನ್ನುವುದಕ್ಕೆ ಏನು ಕಾರಣ ಉಳಿಯಿತು?

ಇದನ್ನು ನಮ್ಮ ಕೋಚ್ ಸರ್‌ಗೆ ಹೇಳುವುದು ಮಾತ್ರ ಸುಲಭವಿರಲಿಲ್ಲ. ಅವರು ಹಳೇ ಕಾಲದ ಲೀಗ್ ಆಟಗಾರರು. ‘ನಾವೆಲ್ಲ ರೌಂಡ್ ಹೊಡೆದೇ ಆಡಿದ್ದು. ನಮ್ಗೇನಾಯ್ತು?’ ಅನ್ನುವುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ತೂಕವಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲ್ ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹ್ಮದ್ ಖಾನ್ ಈ ಊರಿನ ಮೈದಾನಗಳಲ್ಲೇ ಪಳಗಿದವರು. ಆ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಆಗಿನ ಮೈಸೂರು ತಂಡ 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕಕ್ಕೆ ಮತ್ತೆ ಆ ಕಪ್ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಹಳಬರನ್ನು ಹಗುರವಾಗಿ ನೋಡುವಂತಿಲ್ಲ.

ಆದರೆ ಸರ್ ಬಾಲ್ಯದ ಕಥೆ ಹೇಳುವಾಗ ಗಮನವಿಟ್ಟು ಕೇಳಿದರೆ ಉತ್ತರ ಅಲ್ಲೇ ಇದೆ. ಸ್ಕೂಲ್ ಬಿಟ್ಟ ಮೇಲೆ ಕತ್ತಲಾಗುವವರೆಗೆ ಓಣಿಯಲ್ಲಿ ಆಟ. ನಾಲ್ಕು ಜನ ಇದ್ದರೆ ಎರಡೆರಡು, ಹತ್ತು ಜನ ಇದ್ದರೆ ಐದೈದು. ಕಲ್ಲೇ ಗೋಲ್ ಪೋಸ್ಟ್. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ನಿಂತಿರುವುದು ಸುಮ್ಮನೆ ಅಲ್ಲ, ಅಂಥ ಓಣಿಗಳಲ್ಲೇ ಈ ಊರಿನ ಫುಟ್‌ಬಾಲ್ ಹುಟ್ಟಿದ್ದು. ಇಟಲಿಯವರು ಅಳೆದು ನೋಡಿದ ಆ ಸಣ್ಣ ಜಾಗದ ಆಟವನ್ನು ಇವರು ದಿನಕ್ಕೆ ಎರಡು ಗಂಟೆ ಫ್ರೀಯಾಗಿ ಆಡಿದ್ದರು. ಗ್ರೌಂಡಿನ ರೌಂಡ್ ಅದರ ಮೇಲಿನ ಒಗ್ಗರಣೆ. ಇವತ್ತಿನ ಹುಡುಗ ಸ್ಕೂಲ್ ವ್ಯಾನ್ ಇಳಿದು ಟ್ಯೂಷನ್ ಮುಗಿಸಿ ಬರುತ್ತಾನೆ. ಅವನಿಗೆ ಸಾರಿಲ್ಲ, ಬರೀ ಒಗ್ಗರಣೆ ಬಡಿಸುತ್ತಿದ್ದೇವೆ. ಇದನ್ನೇ ಹೇಳಿದೆ. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮಂಗಳವಾರ, ಶುಕ್ರವಾರ ನಿನ್ನ ಆಟ ಮಾಡ್ಸು. ಶಿಸ್ತು ಹೋಯ್ತೋ, ಮತ್ತೆ ರೌಂಡು’ ಅಂದರು.

ಹೀಗೆ ಶುರುವಾಯಿತು. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ. ನಾಲ್ಕು ಜನಕ್ಕೆ ನಾಲ್ಕು ಜನ. ಗೋಲ್‌ಕೀಪರ್ ಇಲ್ಲ. ನಾಲ್ಕು ನಿಮಿಷ ಆಟ, ಮೂರು ನಿಮಿಷ ನಡೆಯುತ್ತಾ ನೀರು, ಇಂಥ ನಾಲ್ಕು ಸುತ್ತು. ಗುಟ್ಟು ಒಂದೇ: ಬಾಲ್ ಹೊರಗೆ ಹೋದ ಕೂಡಲೇ ಅಂಚಿನಲ್ಲಿ ನಿಂತವನು ಇನ್ನೊಂದು ಬಾಲ್ ಒಳಗೆ ಎಸೆಯಬೇಕು. ಬಾಲ್ ತರಲು ಹೋದ ನೆಪದಲ್ಲಿ ಸಿಗುವ ವಿಶ್ರಾಂತಿಯೇ ಈ ಕಸರತ್ತನ್ನು ಹಾಳು ಮಾಡುವುದು. ಹಾರ್ಟ್ ರೇಟ್ ವಾಚ್ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ದೊಡ್ಡ ಹುಡುಗರು ಕತ್ತಿನ ನಾಡಿ ಹಿಡಿದು 15 ಸೆಕೆಂಡು ಎಣಿಸುತ್ತಾರೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನುವುದು ಒರಟು ಲೆಕ್ಕ. ಹತ್ತೊಂಬತ್ತರ ನನಗೆ ಅದು 201, ಅದರ ಶೇ 90 ಅಂದರೆ 180, ಹದಿನೈದು ಸೆಕೆಂಡಿಗೆ 45. ಚಿಕ್ಕವರಿಗೆ ಈ ಲೆಕ್ಕವೂ ಬೇಡ. ಆಟ ನಿಂತಾಗ ಒಂದು ಪೂರ್ತಿ ವಾಕ್ಯ ಒಂದೇ ಉಸಿರಿಗೆ ಹೇಳಲು ಆಗದಿದ್ದರೆ ಸಾಕು. ಜೋರಾದ ಅಭ್ಯಾಸ ವಾರಕ್ಕೆ ಎರಡು ಸಲ ಮಾತ್ರ, ಮ್ಯಾಚಿನ ಹಿಂದಿನ ದಿನ ಬೇಡ.

ಇನ್ನೊಂದು ವಿಷಯ, ಹೊಟ್ಟೆಯದ್ದು. ಒಂದು ಗಂಟೆಗೆ ಊಟ ಮಾಡಿದ ಹುಡುಗ ಐದು ಗಂಟೆಗೆ ಗ್ರೌಂಡಿಗೆ ಬಂದರೆ ಅವನ ಸಂಪಿನಲ್ಲೇ ನೀರಿರುವುದಿಲ್ಲ, ಮೋಟಾರ್ ಏನು ಮಾಡೀತು? ಈಗ ಎಲ್ಲರೂ ಒಂದು ಬಾಳೆಹಣ್ಣೋ ಕಡಲೆಮಿಠಾಯಿಯೋ ತಿಂದೇ ಬರಬೇಕು. ನಮ್ಮಲ್ಲಿ ಆಡುವ ಹುಡುಗಿಯರು ಆರು ಜನ. ಅವರಲ್ಲೊಬ್ಬಳಿಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದು ಇಲ್ಲದವಳನ್ನು ಹತ್ತು ರೌಂಡ್ ಓಡಿಸಿದರೆ ಸ್ಟ್ಯಾಮಿನಾ ಎಲ್ಲಿಂದ ಬರುತ್ತದೆ? ಡಾಕ್ಟರ್ ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗಿದ ಮೂರು ತಿಂಗಳಿಗೆ ಅವಳ ಆಟವೇ ಬೇರೆಯಾಯಿತು. ನಿಮ್ಮ ತಂಗಿಯೋ ಗೆಳತಿಯೋ ‘ಬೇಗ ಸುಸ್ತಾಗುತ್ತೆ’ ಅಂದರೆ ಮೊದಲು ಆ ಒಂದು ಪರೀಕ್ಷೆ ಮಾಡಿಸಿ.

ಹಿಮ್ಮಡಿ ನೋವಿನ ಹುಡುಗ ಆರು ವಾರ ಓಡಲಿಲ್ಲ. ಗ್ರೌಂಡಿಗೆ ಮಾತ್ರ ದಿನಾ ಬರುತ್ತಿದ್ದ. ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವುದು, ನಿಂತಲ್ಲೇ ಬಾಲ್ ಪುಟಿಸುವುದು, ಅಂಚಿನಲ್ಲಿ ನಿಂತು ಬಾಲ್ ಒಳಗೆ ಎಸೆಯುವುದು. ಆಮೇಲೆ ಎರಡೂ ತಂಡಕ್ಕೂ ಪಾಸ್ ಕೊಡುವ ‘ಜೋಕರ್’ ಆಗಿ ಒಳಗೆ ಬಿಟ್ಟೆವು. ಜೋಕರನಿಗೆ ಓಟ ಕಡಿಮೆ, ತಲೆ ಓಡಿಸುವ ಕೆಲಸ ಜಾಸ್ತಿ. ಹೊಸ ಕಾಲುಗಳ ಅಳತೆ ಅವನಿಗೆ ಈಗೀಗ ಸಿಗುತ್ತಿದೆ. ಮೊದಲಿನಷ್ಟು ಚುರುಕು ಇನ್ನೂ ಬಂದಿಲ್ಲ, ಆದರೆ ನಾಲ್ಕೂ ಸುತ್ತು ಮುಗಿಸುತ್ತಾನೆ. ಅವನಮ್ಮ ಸಂಜೆ ದಾರಿಯಲ್ಲಿ ಸಿಕ್ಕಾಗ ಈಗ ಹಾರ್ಟ್ ವಿಷಯ ಕೇಳುವುದಿಲ್ಲ, ‘ಬೂಟ್ ಮತ್ತೆ ಚಿಕ್ದಾಯ್ತಲ್ಲಪ್ಪಾ’ ಅನ್ನುತ್ತಾರೆ.

ಮುಂದಿನ ತಿಂಗಳು ಅವನಿಗೆ ಇನ್ನೊಂದು ಆಯ್ಕೆ ಟ್ರಯಲ್ ಇದೆ. ಅಲ್ಲಿಯೂ ಬಾಲ್ ಮುಟ್ಟುವ ಮುಂಚೆ 12 ನಿಮಿಷದ ಓಟ. ಎಷ್ಟು ಮೀಟರ್ ಓಡಿದ ಅನ್ನುವುದನ್ನು ಬರೆದುಕೊಂಡು ಕೆಳಗಿನವರನ್ನು ಅಲ್ಲೇ ಮನೆಗೆ ಕಳಿಸುತ್ತಾರಂತೆ. ಆದ್ದರಿಂದ ಭಾನುವಾರ ಬೆಳಿಗ್ಗೆ ಅವನು, ನಾನು, ಪೊಲೀಸ್ ಗೆಳೆಯ ಮೂವರೂ ಟಾರ್ ರಸ್ತೆ ಬಿಟ್ಟು ಗ್ರೌಂಡಿನ ಮಣ್ಣಿನ ಮೇಲೆ ವಾರಕ್ಕೊಮ್ಮೆ ಸುತ್ತು ಹಾಕುತ್ತೇವೆ. ವೇಗ ಹೇಗೆ ಹಂಚಿಕೊಳ್ಳಬೇಕು ಅನ್ನುವುದನ್ನು ಗೆಳೆಯ ಹೇಳಿಕೊಡುತ್ತಾನೆ, ಅದರಲ್ಲಿ ಅವನೇ ಮೇಷ್ಟ್ರು. ಹೋದ ವಾರ ಹುಡುಗ ಗ್ರೌಂಡನ್ನು ಆರು ಸುತ್ತು ಮುಗಿಸಿ ಏಳನೆಯದಕ್ಕೆ ಕಾಲಿಟ್ಟಾಗ ಟೈಮ್ ಆಯಿತು. ಹಿಮ್ಮಡಿ ನೋವು ಇಲ್ಲ ಅಂದ.